ಹಸಿ ಸೇಬು, ಬೆಂದ ಸೇಬು: ಹಣ್ಣಿನ ಅಲರ್ಜಿಯೊಂದಿಗೆ ನನ್ನ ಅನುಭವ

ಹಸಿ ಸೇಬನ್ನು ಕಚ್ಚಿದ ಒಂದೆರಡು ನಿಮಿಷಗಳಲ್ಲೇ ನನ್ನ ಅಂಗುಳದಲ್ಲಿ ತುರಿಕೆ ಶುರುವಾಗುತ್ತಿತ್ತು. ನಾಲಗೆಯಿಂದ ಎಷ್ಟು ಉಜ್ಜಿಕೊಂಡರೂ ತಣಿಯದ ಆ ತುರಿಕೆ ಗಂಟಲಿನವರೆಗೆ ಹಬ್ಬಿ, ತುಟಿಗಳು ದಪ್ಪವಾದಂತೆನಿಸಿ, ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿದುಹೋಗುತ್ತಿತ್ತು. ಇಳಿಯುತ್ತಿದ್ದುದರಿಂದಲೇ ಹಲವು ವರ್ಷ ನಾನದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಹಣ್ಣಿಗೆ ಸಿಂಪಡಿಸಿದ ಔಷಧಿಯ ದೋಷವಿರಬೇಕೆಂದು ತೊಳೆದು ತೊಳೆದು ತಿನ್ನುತ್ತಿದ್ದೆ. ಬೇಯಿಸಿದ ಸೇಬಿನಿಂದ ಏನೂ ಆಗುವುದಿಲ್ಲವೆಂಬುದು ಕಣ್ಣೆದುರಿಗೇ ಇದ್ದರೂ ಅದರ ಅರ್ಥ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಓಡಿ ಬಂದವನು ಸೇಬು ಮತ್ತು ಕಿವಿ ಹಣ್ಣುಗಳನ್ನು ರುಬ್ಬಿದ ಪಾನೀಯವನ್ನು ಒಂದೇ ಉಸಿರಿಗೆ ಕುಡಿದೆ. ಮೈತುಂಬ ದದ್ದುಗಳೆದ್ದವು, ಗಂಟಲು ಬಿಗಿಯಿತು, ದನಿ ಒಡೆಯಿತು. ತುರ್ತು ಚಿಕಿತ್ಸೆಯಲ್ಲಿ ತೊಡೆಗೆ ಅಡ್ರಿನಾಲಿನ್ ಎಂಬ, ತೀವ್ರ ಅಲರ್ಜಿಯನ್ನು ಹತೋಟಿಗೆ ತರುವ ಔಷಧಿಯನ್ನು ಚುಚ್ಚಿದ ಮೇಲಷ್ಟೇ ಉಸಿರು ಸಲೀಸಾಯಿತು. ಹಸಿ ಹಣ್ಣು ಹೆಚ್ಚಿನ ಪ್ರಮಾಣದಲ್ಲಿ, ಬೇಗನೆ ಒಳಗೆ ಹೋದುದು ಮತ್ತು ಅದಕ್ಕೆ ವ್ಯಾಯಾಮ ಜೊತೆಗೂಡಿದುದು ಪ್ರತಿಕ್ರಿಯೆಯನ್ನು ತೀವ್ರಗೊಳಿಸಿರಬಹುದೆಂದು ನಂತರ ತಿಳಿಯಿತು.

ಅಲರ್ಜಿ ತಜ್ಞರು ನನ್ನನ್ನು ಮೊದಲು ಕೇಳಿದ್ದು ಹಣ್ಣಿನ ಬಗ್ಗೆ ಅಲ್ಲ, ಮರಗಳು ಹೂಬಿಡುವ ಕಾಲದಲ್ಲಿ ಸೀನು ಮತ್ತು ಕಣ್ಣಿನ ತುರಿಕೆ ಬರುತ್ತದೆಯೇ ಎಂದು. ಬರುತ್ತಿತ್ತು. ಬರ್ಚ್ ಮರದ ಪರಾಗದಲ್ಲಿರುವ ಪ್ರೋಟೀನನ್ನು ಸೇಬಿನ ಒಂದು ಪ್ರೋಟೀನ್ ಹೋಲುತ್ತದೆ. ಪರಾಗದ ವಿರುದ್ಧ ದೇಹ ಸಿದ್ಧಪಡಿಸಿಕೊಂಡ ಐಜಿಇ ಪ್ರತಿಕಾಯಗಳು, ಅಂದರೆ ಅಲರ್ಜಿಯನ್ನು ಉಂಟುಮಾಡುವ ರಕ್ಷಣಾ ಪ್ರೋಟೀನುಗಳು, ಹಣ್ಣನ್ನೂ ಅದೇ ಶತ್ರುವೆಂದು ಗುರುತಿಸುತ್ತವೆ. ಸೇಬಿನ ಈ ಪ್ರೋಟೀನ್ ಬೇಯಿಸಿದರೆ ತನ್ನ ರೂಪ ಕಳೆದುಕೊಳ್ಳುತ್ತದೆ; ಬೆಂದ ಸೇಬಿನಿಂದ ನನಗೆ ಏನೂ ಆಗದಿದ್ದುದು ಅದಕ್ಕೇ.

ಪರೀಕ್ಷೆಗೆ ಕೆಲವು ದಿನ ಮೊದಲೇ ಅಲರ್ಜಿಯ ಮಾತ್ರೆ ನಿಲ್ಲಿಸಬೇಕಾಯಿತು. ಸೂಜಿಯನ್ನು ಮೊದಲು ತಾಜಾ ಹಣ್ಣಿಗೆ, ಆಮೇಲೆ ನನ್ನ ಮುಂಗೈಗೆ ಚುಚ್ಚಿ 15 ನಿಮಿಷ ಕಾದರು. ಸೇಬು ಮತ್ತು ಕಿವಿ ಹಣ್ಣು ಚುಚ್ಚಿದಲ್ಲಿ ಸೊಳ್ಳೆ ಕಚ್ಚಿದಂತಹ ಉಬ್ಬುಗಳೆದ್ದವು. ಬಾಳೆಹಣ್ಣಿಗೂ ಒಂದು ಸಣ್ಣ ಉಬ್ಬೆದ್ದಿತು. ಆದರೆ ಬಾಳೆಹಣ್ಣನ್ನು ನಾನು ಯಾವ ತೊಂದರೆಯೂ ಇಲ್ಲದೆ ತಿನ್ನುತ್ತಿದ್ದುದರಿಂದ, ಪರೀಕ್ಷೆಯ ಉಬ್ಬೊಂದನ್ನೇ ನೋಡಿ ಅದನ್ನು ಬಿಡಬೇಕಿಲ್ಲವೆಂದು ವೈದ್ಯರು ಹೇಳಿದರು. ಈ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಹೆದರಿ ಎಲ್ಲ ಹಣ್ಣುಗಳನ್ನೂ ತ್ಯಜಿಸಲು ನಾನಾಗಲೇ ನಿರ್ಧರಿಸಿದ್ದೆ.

ಈಗ ಸೇಬನ್ನು ಹೋಳುಗಳ ನಡುಭಾಗವೂ ಮೆತ್ತಗಾಗುವವರೆಗೆ ಬೇಯಿಸಿ ತಿನ್ನುತ್ತೇನೆ. ಅಷ್ಟರಿಂದಲೇ ಇತರರೂ ಹೀಗೆ ಮಾಡಲೆಂದು ನಾನು ಹೇಳಲಾರೆ. ಪೀಚ್ ಹಣ್ಣಿನ, ಅದರಲ್ಲೂ ಅದರ ಸಿಪ್ಪೆಯ, ಇನ್ನೊಂದು ಬಗೆಯ ಪ್ರೋಟೀನಿಗೆ ಅಲರ್ಜಿಯಿರುವವರಿಗೆ ಬೇಯಿಸಿದರೂ ಅಪಾಯ ತಪ್ಪುವುದಿಲ್ಲ. ತನ್ನದು ಯಾವ ಬಗೆಯೆಂದು ತಜ್ಞರಿಂದ ತಿಳಿಯುವ ಮೊದಲು ಮನೆಯಲ್ಲಿ ಪ್ರಯೋಗ ಮಾಡಬಾರದು.

ಕಿವಿ ಹಣ್ಣನ್ನು ಮಾತ್ರ ಯಾವ ರೂಪದಲ್ಲೂ ಮುಟ್ಟುವುದಿಲ್ಲ. ಮನೆಯವರು ಅದನ್ನು ಕತ್ತರಿಸುವ ಚಾಕು ಮತ್ತು ಹಲಗೆ ಬೇರೆಯೇ ಇವೆ. ಎರಡು ಅಡ್ರಿನಾಲಿನ್ ಪೆನ್ನುಗಳು (ಔಷಧಿ ತುಂಬಿದ, ಪೆನ್ನಿನಾಕಾರದ ಚುಚ್ಚುಮದ್ದುಗಳು) ಸದಾ ನನ್ನ ಚೀಲದಲ್ಲಿರುತ್ತವೆ, ಮತ್ತು ಅವನ್ನು ತೊಡೆಯ ಹೊರಬದಿಗೆ ಒತ್ತಿ ಹಿಡಿಯುವ ಬಗೆಯನ್ನು ಅಭ್ಯಾಸದ ಪೆನ್ನಿನಿಂದ ನನ್ನ ಹೆಂಡತಿಗೂ ಮಗಳಿಗೂ ಕಲಿಸಿದ್ದೇನೆ.