ಘಾತಾಂಕ ಅಂದ್ರೆ ಎಣಿಕೆ ಅಷ್ಟೇ: ಬೀಜಗಣಿತದ ಭಿನ್ನರಾಶಿ ಸಂಕ್ಷೇಪಿಸುವುದು ಹೇಗೆ?

‘ಸಂಕ್ಷೇಪಿಸಿ’ ಅಂತ ಪ್ರಶ್ನೆಪತ್ರಿಕೆಯಲ್ಲಿ ಒಂದೇ ಪದ ಇರುತ್ತದೆ. ಅದರ ಮುಂದೆ ಇಂಥದ್ದೊಂದು ಲೆಕ್ಕ:

(2ಕ³ನ⁻²)³ / (12ಕ⁴ನ⁻⁹)

ಎಕ್ಸ್, ವೈ ಬಿಟ್ಟು ಕ, ನ ಯಾಕೆ ಅಂತೀರಾ? 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಮೊದಲ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದು, ಉಳಿದವಕ್ಕೆ ಕಾಲಕ, ನೀಲಕ ಎಂದು ಬಣ್ಣದ ಹೆಸರು ಇಡುತ್ತಿದ್ದರು. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ. ನಾವೂ ಹಾಗೇ ಮಾಡೋಣ. ಕ ಮತ್ತು ನ ಯಾವ ಸಂಖ್ಯೆ ಬೇಕಾದರೂ ಆಗಬಹುದು, ಸೊನ್ನೆ ಮಾತ್ರ ಆಗಬಾರದು. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವಲ್ಲ.

ಲೆಕ್ಕಕ್ಕೆ ಕೈ ಹಾಕುವ ಮೊದಲು ಒಂದು ಮಾತು. ಘಾತಾಂಕದ, ಅಂದರೆ ಅಕ್ಷರ ಅಥವಾ ಸಂಖ್ಯೆಯ ತಲೆ ಮೇಲೆ ಬರೆಯುವ ಪುಟ್ಟ ಅಂಕಿಯ, ನಿಯಮಗಳನ್ನು ಬಾಯಿಪಾಠ ಮಾಡಿದವರೇ ಜಾಸ್ತಿ ತಪ್ಪುತ್ತಾರೆ. ಕೂಡಿಸಬೇಕಾ, ಗುಣಿಸಬೇಕಾ ಎಂಬ ಗೊಂದಲ ಪರೀಕ್ಷೆಯ ಹೊತ್ತಿಗೇ ಶುರುವಾಗುತ್ತದೆ. ಆಗ ಸುಮ್ನೆ ಬಿಡಿಸಿ ಬರೆಯಿರಿ. ಕ⁵ / ಕ² ಅಂದರೆ ಮೇಲೆ ಐದು ಕ, ಕೆಳಗೆ ಎರಡು ಕ. ಎರಡಕ್ಕೆ ಎರಡು ಹೊಡೆದುಹೋಗಿ ಮೂರು ಉಳಿಯುತ್ತವೆ: ಕ³. ಭಾಗಾಕಾರದಲ್ಲಿ ಘಾತಾಂಕ ಕಳೆಯುವುದು ಇದಕ್ಕೇ. ಗುಣಾಕಾರದಲ್ಲಿ ಕೂಡಿಸುವುದೂ ಇದೇ ಎಣಿಕೆಯಿಂದ.

ಈಗ ಮೇಲಿನ ಲೆಕ್ಕ. ಮೊದಲು ಬ್ರಾಕೆಟ್ ಬಿಡಿಸಿ. ಹೊರಗಿನ 3 ಒಳಗಿರುವ ಎಲ್ಲದಕ್ಕೂ ಸೇರಿದ್ದು. 2ಕ್ಕೂ ಸೇರಿದ್ದು! ಅದನ್ನು ಮರೆತು 2ಕ⁹ ಎಂದು ಬರೆಯುವವರಿದ್ದಾರೆ. ಎರಡನ್ನು ಮೂರರಿಂದ ಗುಣಿಸಿ 6 ಅನ್ನುವವರೂ ಇದ್ದಾರೆ. 2³ ಅಂದರೆ 2 × 2 × 2, ಅಂದರೆ 8. ಕ³ ಮೂರು ಸಲ ಬಂದರೆ ಕ⁹. ನ⁻² ಮೂರು ಸಲ ಬಂದರೆ ನ⁻⁶. ಈಗ ಲೆಕ್ಕ ಹೀಗಾಯಿತು:

8ಕ⁹ನ⁻⁶ / (12ಕ⁴ನ⁻⁹)

ಮುಂದೆ ಮೂರು ಗುಂಪು ಮಾಡಿಕೊಳ್ಳಿ: ಸಂಖ್ಯೆಗಳು ಒಂದು ಕಡೆ, ಕ ಒಂದು ಕಡೆ, ನ ಇನ್ನೊಂದು ಕಡೆ. 8 / 12 ಅಂದರೆ 2/3. ಇಲ್ಲಿ ಕಳೆಯುವ ಮಾತಿಲ್ಲ, ಇವು ಘಾತಾಂಕಗಳಲ್ಲ. ಕ ಸಲೀಸು: 9 − 4 = 5, ಹಾಗಾಗಿ ಕ⁵.

ನ ಸ್ವಲ್ಪ ಕಾಡುತ್ತದೆ. ಮೈನಸ್ ಘಾತಾಂಕ ಅಂದರೆ ಉತ್ತರ ಮೈನಸ್ ಅಂತ ಅಲ್ಲ. 2³, 2², 2¹ ಅಂದರೆ 8, 4, 2. ಒಂದೊಂದು ಮೆಟ್ಟಿಲು ಇಳಿದಾಗಲೂ ಅರ್ಧ ಆಗುತ್ತಿದೆ, ಅಲ್ವಾ? ಇನ್ನೂ ಇಳಿಯಿರಿ: 2⁰ = 1, 2⁻¹ = 1/2, 2⁻² = 1/4. ಸೊನ್ನೆಯಲ್ಲದ ಯಾವುದೇ ಸಂಖ್ಯೆಯ ಘಾತಾಂಕ ಸೊನ್ನೆ ಆದರೆ ಬೆಲೆ 1 ಯಾಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. ಈಗ ಕಳೆಯಿರಿ: −6 − (−9) = −6 + 9 = 3. ಎರಡು ಮೈನಸ್ ಪಕ್ಕಪಕ್ಕ ಬಂದಾಗ ಬ್ರಾಕೆಟ್ ಹಾಕದೆ ಬರೆದರೆ −15 ಆಗಿಬಿಡುವ ಅಪಾಯ ಇದೆ. ಸಿಕ್ಕಿದ್ದು ನ³.

ಉತ್ತರ: 2ಕ⁵ನ³ / 3

ಸರಿಯಾ ಅಂತ ನೋಡಲು ಕ, ನ ಜಾಗಕ್ಕೆ ಸಂಖ್ಯೆ ಹಾಕಿ. 1 ಹಾಕಬೇಡಿ. ಒಂದರ ಯಾವ ಘಾತವೂ ಒಂದೇ ಆದ್ದರಿಂದ ಘಾತಾಂಕದ ತಪ್ಪೆಲ್ಲ ಮುಚ್ಚಿಹೋಗುತ್ತದೆ. ಕ = 2, ನ = 3 ಇಡೋಣ. ಮೂಲ ಲೆಕ್ಕದ ಅಂಶ 4096/729, ಛೇದ 192/19683. ಭಾಗಿಸಿದರೆ 576. ನಮ್ಮ ಉತ್ತರದಲ್ಲಿ 2 × 32 × 27 / 3, ಅದೂ 576.

ಇಷ್ಟೆಲ್ಲ ಹೊಡೆದುಹಾಕಿದ್ದು ಗುಣಾಕಾರ ಇತ್ತು ಅಂತ. ಮಧ್ಯೆ ಪ್ಲಸ್ ಬಂದರೆ ಕೈ ತಡೆಯಿರಿ. (ಕ⁵ + ಕ³) / ಕ³ ನೋಡಿ. ಮೇಲಿನ ಕ³, ಕೆಳಗಿನ ಕ³ ಹೊಡೆದು ‘ಕ⁵’ ಎಂದು ಬರೆದರೆ ಅಂಕ ಹೋಯಿತು. ಕ = 2 ಇಟ್ಟರೆ ನಿಜವಾದ ಬೆಲೆ 40 / 8 = 5, ಆದರೆ 2⁵ ಅಂದರೆ 32. ಮೊದಲು ಅಂಶದಲ್ಲಿ ಕ³ ಹೊರಗೆ ತೆಗೆಯಬೇಕು: ಕ³(ಕ² + 1). ಈಗ ಅದು ಗುಣಾಕಾರ. ಹೊಡೆದರೆ ಕ² + 1 ಉಳಿಯುತ್ತದೆ.

ಇನ್ನೊಂದು ನೀವೇ ಮಾಡಿ: (3ಕ²ನ)² / (6ಕ⁵ನ⁻¹). ಇಲ್ಲಿ ಕ ಮೇಲಿಗಿಂತ ಕೆಳಗೇ ಜಾಸ್ತಿ ಇದೆ. ಕಳೆದರೆ ಕ⁻¹ ಬರುತ್ತದೆ. ಅದನ್ನು ಹಾಗೇ ಬಿಡದೆ ಛೇದಕ್ಕೆ ಇಳಿಸಿ, ಧನ ಘಾತಾಂಕದಲ್ಲಿ ಬರೆಯಿರಿ. ಸಿಗಬೇಕಾದ ಉತ್ತರ 3ನ³ / (2ಕ).