ಯುದ್ಧದ ನಾಡಿನಲ್ಲಿ ಮಕ್ಕಳಿರುವ ಮನೆಗೆ ನೆರವಾಗುವ ಬಗೆ

ಮಗ ಯುದ್ಧ ನಡೆಯುತ್ತಿರುವ ದೇಶದಲ್ಲಿ ಸಿಲುಕಿರುವಾಗಲೂ ಬೀದರ್‌ನ ಓಣಿಯೊಂದರಲ್ಲಿ ತಾಯಿ ಎಂದಿನಂತೆ ಜೋಳದ ರೊಟ್ಟಿ ಬಡಿಯುತ್ತಿದ್ದರೆ, ಅವರಿಗೆ ಚಿಂತೆಯಿಲ್ಲವೆಂದು ಭಾವಿಸಬೇಡಿ. ಬಹುಶಃ ಆ ಕೆಲಸವೇ ಅವರನ್ನು ಹಿಡಿದು ನಿಲ್ಲಿಸಿದೆ. “ಫೋನ್ ಬಂತೇನ್ರಿ ಅಕ್ಕಾ?” ಎಂದು ಗಳಿಗೆಗೊಮ್ಮೆ ಕೇಳುವುದನ್ನು ಬಿಟ್ಟು, ಪಕ್ಕದಲ್ಲಿ ಕುಳಿತು ಹಿಟ್ಟು ನಾದಿಕೊಡಿ. ಟಿವಿಯ ಅಬ್ಬರವನ್ನು ತಗ್ಗಿಸಿ.

ಪಾಸ್‌ಪೋರ್ಟ್ ಸಂಖ್ಯೆ, ಅಲ್ಲಿನ ವಿಳಾಸ, ಕೊನೆಯ ಬಾರಿ ಮಾತನಾಡಿದ ಸಮಯ ಇವುಗಳನ್ನು ಒಂದೇ ಹಾಳೆಯಲ್ಲಿ ಬರೆದು, ಆ ದೇಶದ ಭಾರತೀಯ ರಾಯಭಾರ ಕಚೇರಿಗೂ ವಿದೇಶದಲ್ಲಿರುವ ಭಾರತೀಯರ ದೂರುಗಳಿಗಾಗಿ ವಿದೇಶಾಂಗ ಸಚಿವಾಲಯ ನಡೆಸುವ ಮದದ್ ಜಾಲತಾಣಕ್ಕೂ ಜಿಲ್ಲಾಧಿಕಾರಿಗಳ ಕಚೇರಿಗೂ ತಲುಪಿಸಿ. 2022ರಲ್ಲಿ ಉಕ್ರೇನ್‌ನಲ್ಲಿ ಸಿಲುಕಿದ್ದ ಭಾರತೀಯ ವಿದ್ಯಾರ್ಥಿಗಳನ್ನು ಆಪರೇಷನ್ ಗಂಗಾದಡಿ ಪೋಲೆಂಡ್, ರೊಮೇನಿಯಾದಂತಹ ನೆರೆಯ ದೇಶಗಳ ಮೂಲಕ ಕರೆತಂದುದನ್ನು ನೆನೆದು, ಅಂತಹ ನೆರೆರಾಷ್ಟ್ರಗಳಲ್ಲಿರುವ ಭಾರತೀಯ ರಾಯಭಾರ ಕಚೇರಿಗಳ ದೂರವಾಣಿ ಸಂಖ್ಯೆಗಳನ್ನೂ ಆ ಹಾಳೆಯಲ್ಲಿ ಸೇರಿಸಿಡಿ.