ಬಿಕ್ಕಟ್ಟಿನಲ್ಲಿರುವವರ ಜೊತೆ ಕೆಲಸ ಮಾಡಬೇಕೇ? ತರಬೇತಿ ಆರಿಸಿಕೊಳ್ಳುವುದು ಹೀಗೆ

ಮಾನಸಿಕ ಆರೋಗ್ಯ, ಚಟ ಬಿಡಿಸುವುದು, ಆತ್ಮಹತ್ಯೆ ತಡೆ. ಈ ಮೂರೂ ಕಡೆ ಈಗ ತರಬೇತಿಗೆ ಬರ ಇಲ್ಲ. ಎರಡು ಗಂಟೆಯ ಆನ್‌ಲೈನ್ ಪಾಠವೂ ಇದೆ, ವರ್ಷಗಟ್ಟಲೆ ಓದುವ ಕೋರ್ಸೂ ಇದೆ. ಕಷ್ಟ ಇರುವುದು ಆರಿಸಿಕೊಳ್ಳುವುದರಲ್ಲಿ. ನರ್ಸ್ ಆಗಿರಲಿ, ಶಿಕ್ಷಕಿ ಆಗಿರಲಿ, ಸಹಾಯವಾಣಿಗೆ ಸೇರಬೇಕು ಅಂದುಕೊಂಡಿರುವ ಹುಡುಗ ಆಗಿರಲಿ, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವುದು ಮಾಡಿದರೆ ಒಳ್ಳೆಯದು?

ನನ್ನ ಉತ್ತರ ನೇರವಾಗಿದೆ. ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು. ಕೋರ್ಸ್ ಮುಗಿದ ಮೇಲೂ ಯಾರಾದರೂ ನಿಮ್ಮ ಕೆಲಸ ನೋಡಿ ತಿದ್ದಬೇಕು. ಇವೆರಡೂ ಇದ್ದರೆ ಅದು ತರಬೇತಿ. ಇಲ್ಲದಿದ್ದರೆ ಅದು ಓದು ಅಷ್ಟೇ. ಓದೂ ಬೇಕು. ಆದರೆ ಎದುರಿಗೆ ಒಬ್ಬರು ಅಳುತ್ತಾ ಕೂತಾಗ ಓದಿದ್ದು ನಾಲಿಗೆಗೆ ಬರುವುದಿಲ್ಲ, ಅಭ್ಯಾಸ ಮಾಡಿದ್ದು ಬರುತ್ತದೆ.

ಮೊದಲು: ನಿಮ್ಮ ಜಾಗ ಯಾವುದು ಅಂತ ಬರೆದುಕೊಳ್ಳಿ

ಕೋರ್ಸ್ ಹುಡುಕುವ ಮೊದಲು ಒಂದು ಹಾಳೆ ತಗೊಳ್ಳಿ. ಕಷ್ಟದಲ್ಲಿರುವವರು ನಿಮಗೆ ಎಲ್ಲಿ ಸಿಗುತ್ತಾರೆ, ಎಷ್ಟು ಹೊತ್ತು ಸಿಗುತ್ತಾರೆ, ನಿಮ್ಮ ನಂತರ ಯಾರ ಹತ್ತಿರ ಹೋಗುತ್ತಾರೆ ಅಂತ ಬರೆಯಿರಿ. ಶಿಕ್ಷಕರು, ಹಾಸ್ಟೆಲ್ ವಾರ್ಡನ್, ಕಚೇರಿಯ ಎಚ್‌ಆರ್ ಇಂಥವರ ಕೆಲಸ ಗುರುತಿಸುವುದು ಮತ್ತು ಸರಿಯಾದ ಕಡೆಗೆ ಕಳಿಸುವುದು. ಸಹಾಯವಾಣಿಯವರು, ತುರ್ತು ಚಿಕಿತ್ಸಾ ವಾರ್ಡಿನವರು, ಪೊಲೀಸರು, ಪರಿಹಾರ ಶಿಬಿರದವರು ಆ ಕ್ಷಣ ದಾಟಿಸಬೇಕು. ಕೌನ್ಸೆಲರ್, ಮನಃಶಾಸ್ತ್ರಜ್ಞರು ವಾರಗಟ್ಟಲೆ ಜೊತೆ ನಡೆಯಬೇಕು. ಒಂದೇ ಕೋರ್ಸ್ ಈ ಮೂವರನ್ನೂ ತಯಾರು ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದು: ಬಾಗಿಲುಗಳು ಯಾವುವು ಅಂತ ತಿಳಿದುಕೊಳ್ಳಿ

ಗುರುತಿಸಿ ಕಳಿಸುವವರಿಗೆ ಎರಡು ಹೆಸರು ಜಾಸ್ತಿ ಕೇಳಿಬರುತ್ತವೆ. ಒಂದು ಮೆಂಟಲ್ ಹೆಲ್ತ್ ಫಸ್ಟ್ ಏಡ್. 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಮತ್ತು ಟೋನಿ ಜಾರ್ಮ್ ಶುರುಮಾಡಿದ ಇದು ಈಗ ಹಲವು ದೇಶಗಳಲ್ಲಿದೆ. ಖಿನ್ನತೆ, ಆತಂಕ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ), ಕುಡಿತ ಮತ್ತು ಮಾದಕ ವಸ್ತುಗಳ ತೊಂದರೆಯನ್ನು ಗುರುತಿಸಿ, ವೃತ್ತಿಪರರ ಸಹಾಯ ಸಿಗುವವರೆಗೆ ಜೊತೆಗಿರುವುದನ್ನು ಕಲಿಸುತ್ತದೆ. ಇನ್ನೊಂದು ಕ್ಯೂಪಿಆರ್. ಆತ್ಮಹತ್ಯೆಯ ಬಗ್ಗೆ ಕೇಳುವುದು, ಸಹಾಯ ಪಡೆಯಲು ಒಪ್ಪಿಸುವುದು, ತಲುಪಿಸುವುದು ಇಷ್ಟೇ ಅದರ ವಿಷಯ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ.

ಆ ಕ್ಷಣ ನಿಭಾಯಿಸುವವರಿಗೆ ಇದು ಸಾಲದು. ಅವರು ಅಸಿಸ್ಟ್ ಎಂಬ, ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗೆ ನೆರವಾಗುವುದನ್ನು ಕಲಿಸುವ ಎರಡು ದಿನದ ಕಾರ್ಯಾಗಾರವನ್ನು ನೋಡಬಹುದು. 1983ರಲ್ಲಿ ಕೆನಡಾದಲ್ಲಿ ಹುಟ್ಟಿದ ಲಿವಿಂಗ್‌ವರ್ಕ್ಸ್ ಸಂಸ್ಥೆ ಇದನ್ನು ನಡೆಸುತ್ತದೆ, ಹೆಚ್ಚಿನ ಸಮಯ ಅಭ್ಯಾಸಕ್ಕೇ ಹೋಗುತ್ತದೆ. ಭೂಕಂಪ, ಪ್ರವಾಹ, ದೊಡ್ಡ ಅಪಘಾತಗಳ ಸ್ಥಳದಲ್ಲಿ ಕೆಲಸ ಮಾಡುವವರಿಗೆ ಸೈಕಲಾಜಿಕಲ್ ಫಸ್ಟ್ ಏಡ್ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಾರ ಸಂಸ್ಥೆಗಳು 2011ರಲ್ಲಿ ತಂದ ಕೈಪಿಡಿ ಉಚಿತವಾಗಿ ಸಿಗುತ್ತದೆ. ನೋಡು, ಕೇಳು, ಸಹಾಯ ಸಿಗುವ ಕಡೆಗೆ ಜೋಡಿಸು ಎನ್ನುವುದು ಅದರ ಸಾರ.

ಪೊಲೀಸರಿಗೆ ಬೇರೆಯದೇ ಮಾದರಿ ಇದೆ. ಅಮೆರಿಕದ ಮೆಂಫಿಸ್‌ನಲ್ಲಿ 1987ರಲ್ಲಿ ಮಾನಸಿಕ ತೊಂದರೆಯಲ್ಲಿದ್ದ ಯುವಕನೊಬ್ಬ ಪೊಲೀಸರ ಗುಂಡಿಗೆ ಸತ್ತ. ಮರುವರ್ಷ ಅಲ್ಲಿ ಕ್ರೈಸಿಸ್ ಇಂಟರ್ವೆನ್ಷನ್ ಟೀಮ್ ಶುರುವಾಯಿತು. ಪೊಲೀಸರಿಗೆ 40 ಗಂಟೆಯ ತರಬೇತಿ, ಅದರಲ್ಲಿ ಕಾಯಿಲೆ ಅನುಭವಿಸಿದವರ ಮತ್ತು ಅವರ ಮನೆಯವರ ಮಾತನ್ನು ಕೂತು ಕೇಳುವುದೂ ಸೇರಿದೆ. ನನಗೆ ಈ ಮಾದರಿಯಲ್ಲಿ ಇಷ್ಟವಾಗುವುದು ಅದೇ ಭಾಗ. ಕಷ್ಟ ಪಟ್ಟವರೇ ಕಲಿಸುವ ಒಂದು ಅವಧಿಯಾದರೂ ಎಲ್ಲ ಕೋರ್ಸ್‌ಗಳಲ್ಲಿ ಇರಬೇಕು.

ಮನೋವೈದ್ಯರಲ್ಲದ ಡಾಕ್ಟರ್, ನರ್ಸ್‌ಗಳಿಗೆ ಮಾನಸಿಕ ಕಾಯಿಲೆ ಗುರುತಿಸಿ ನೋಡಿಕೊಳ್ಳುವುದನ್ನು ಕಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ಎಂಎಚ್‌ಗ್ಯಾಪ್ ಕಾರ್ಯಕ್ರಮ 2008ರಿಂದ ಇದೆ. ಚಟದ ಕ್ಷೇತ್ರಕ್ಕೆ ಹೋಗುವವರು ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಕಲಿಯದೆ ಮುಂದೆ ಹೋಗಬಾರದು. ಉಪದೇಶ ಮಾಡದೆ, ಬಿಡಬೇಕು ಅನ್ನುವ ಕಾರಣ ಆ ವ್ಯಕ್ತಿಯ ಬಾಯಿಂದಲೇ ಬರುವ ಹಾಗೆ ಮಾತಾಡಿಸುವ ಕಲೆ ಅದು.

ಮೂರನೆಯದು: ದುಡ್ಡು ಕಟ್ಟುವ ಮುಂಚೆ ವಿಚಾರಿಸಿ

ಫೋನ್ ಮಾಡಿ, ಸಂಕೋಚ ಬೇಡ. ಒಟ್ಟು ಸಮಯದಲ್ಲಿ ರೋಲ್‌ಪ್ಲೇಗೆ, ಅಂದರೆ ಪಾತ್ರ ವಹಿಸಿಕೊಂಡು ಮಾತುಕತೆ ಅಭ್ಯಾಸ ಮಾಡುವುದಕ್ಕೆ, ಎಷ್ಟು? ಒಂದು ಬ್ಯಾಚಿನಲ್ಲಿ ಎಷ್ಟು ಜನ, ಟ್ರೈನರ್ ಎಷ್ಟು? ಕಲಿಸುವವರು ಈಗಲೂ ಈ ಕೆಲಸ ಮಾಡುತ್ತಿದ್ದಾರಾ? ತರಬೇತಿ ನಡುವೆ ಯಾರಿಗಾದರೂ ತಮ್ಮದೇ ಹಳೆಯ ನೋವು ಮರುಕಳಿಸಿದರೆ ನೋಡಿಕೊಳ್ಳಲು ಯಾರಿದ್ದಾರೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಆ ಕೋರ್ಸ್ ಬಿಡಿ. ನೂರು ಜನರನ್ನು ಒಂದೇ ಹಾಲಿನಲ್ಲಿ ಕೂರಿಸಿ ಸ್ಲೈಡ್ ತೋರಿಸುವುದನ್ನು ತರಬೇತಿ ಅಂತ ಕರೆಯುವುದು ಕಲಿಯಲು ಬಂದವರಿಗೂ ಅನ್ಯಾಯ, ನಾಳೆ ಅವರೆದುರು ಕೂರುವವರಿಗೂ ಅನ್ಯಾಯ.

ಪಾಠದ ವಿಷಯ ಹಳೆಯದಾ ಅಂತ ತಿಳಿಯಲು ಎರಡು ಪರೀಕ್ಷೆಗಳಿವೆ. 'ನಾನು ಸಾಯುವುದಿಲ್ಲ' ಅಂತ ಬರೆಸಿಕೊಂಡು ಸಹಿ ಹಾಕಿಸುವುದನ್ನು ಈಗಲೂ ಕಲಿಸುತ್ತಾರಾ ಅಂತ ಕೇಳಿ. ಅಂಥ ಒಪ್ಪಂದ ಜೀವ ಉಳಿಸುತ್ತದೆ ಅನ್ನಲು ಆಧಾರ ಇಲ್ಲ. ಎರಡನೆಯದಾಗಿ, ದುರಂತ ನಡೆದ ಕೂಡಲೇ ಎಲ್ಲರನ್ನೂ ಒಟ್ಟಿಗೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಡೀಬ್ರೀಫಿಂಗ್ ಕಲಿಸುತ್ತಾರಾ ನೋಡಿ. ಒಂದೇ ಸಲದ ಅಂಥ ಡೀಬ್ರೀಫಿಂಗ್ ಆಮೇಲಿನ ಮಾನಸಿಕ ಆಘಾತವನ್ನು ತಡೆಯುವುದಿಲ್ಲ ಅಂತ ಸಂಶೋಧನೆಗಳು ತೋರಿಸಿ ವರ್ಷಗಳೇ ಆದವು. ಹೇಳಿಕೊಳ್ಳಬೇಕು ಅನ್ನಿಸಿದವರ ಮಾತು ಕೇಳುವುದು ಬೇರೆ, ಎಲ್ಲರಿಂದಲೂ ಹೇಳಿಸುವುದು ಬೇರೆ.

ನಾಲ್ಕನೆಯದು: ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಕಲಿಯಿರಿ

ಇಡೀ ತರಬೇತಿಯಲ್ಲಿ ಕಷ್ಟದ ಘಳಿಗೆ ಇದು. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಬಿಕ್ಕಟ್ಟಿನಲ್ಲಿರುವ ವ್ಯಕ್ತಿ, ಇನ್ನೊಬ್ಬರು ಸಹಾಯ ಮಾಡುವವರು. 'ಎಲ್ಲಾ ಸಾಕಾಗಿದೆ. ನಾನು ಇಲ್ಲದಿದ್ದರೆ ಯಾರಿಗೂ ನಷ್ಟ ಇಲ್ಲ' ಅನ್ನುತ್ತಾರೆ ಮೊದಲನೆಯವರು. ಎದುರಿಗಿದ್ದವರು ತಡಬಡಾಯಿಸಿ, 'ಛೆ, ಹಾಗೆಲ್ಲ ಮಾತಾಡಬೇಡಿ. ನೀವೇನೂ ಮಾಡಿಕೊಳ್ಳೋ ಯೋಚನೆಯಲ್ಲಿ ಇಲ್ಲ ತಾನೇ?' ಅನ್ನುತ್ತಾರೆ.

ಆ ಪ್ರಶ್ನೆಯಲ್ಲೇ ಉತ್ತರ ಇದೆ, ಅಲ್ವಾ? 'ಇಲ್ಲ' ಅನ್ನಿ, ನನ್ನ ಭಯ ಹೋಗಲಿ ಅಂತ ಕೇಳಿದ ಹಾಗೆ. ಎದುರಿನವರು 'ಇಲ್ಲ' ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಒಳ್ಳೆಯ ಟ್ರೈನರ್ ಅಲ್ಲಿ ತಡೆದು ಮತ್ತೆ ಶುರುಮಾಡಿಸುತ್ತಾರೆ. ಈ ಸಲ ಮೊದಲು ಕೇಳಿದ್ದನ್ನು ಒಪ್ಪಿಕೊಳ್ಳಬೇಕು: 'ತುಂಬಾ ಸುಸ್ತಾಗಿದ್ದೀರಿ ಅನ್ನಿಸ್ತಿದೆ.' ಸ್ವಲ್ಪ ಹೊತ್ತು ಸುಮ್ನೆ ಇರಬೇಕು. ಆಮೇಲೆ ನೇರವಾಗಿ, ಮೆತ್ತಗೆ: 'ಹೀಗೆ ಅನ್ನಿಸಿದಾಗ ಆತ್ಮಹತ್ಯೆಯ ಯೋಚನೆ ಬಂದಿದೆಯಾ?' ಈ ಒಂದು ವಾಕ್ಯ ಹೇಳಲು ಜನ ಪಡುವ ಪಾಡು ನೋಡಬೇಕು. ಮುಖ ಕೆಂಪಾಗುತ್ತದೆ, ದನಿ ಇಳಿಯುತ್ತದೆ, 'ಆತ್ಮಹತ್ಯೆ' ಅನ್ನುವ ಪದ ನುಂಗಿ ಹೋಗುತ್ತದೆ. ನಾಲಿಗೆ ಪಳಗುವವರೆಗೆ ಹೇಳಿಸಬೇಕು. ಬೇರೆ ದಾರಿ ಇಲ್ಲ.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅನ್ನುವ ಹೆದರಿಕೆ ಎಲ್ಲ ಬ್ಯಾಚಿನಲ್ಲೂ ಬರುತ್ತದೆ. ಹಾಗೆ ಆಗುವುದಿಲ್ಲ. ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಕೇಳಿದ್ದರಿಂದ ಅಂಥ ಯೋಚನೆ ಹೆಚ್ಚಾದದ್ದು ಕಾಣಲಿಲ್ಲ. ಕೇಳಿದ ಮೇಲೆ ಎಷ್ಟೋ ಜನ ನಿಟ್ಟುಸಿರು ಬಿಡುತ್ತಾರೆ, ಕೊನೆಗೂ ಒಬ್ಬರು ಕೇಳಿದರಲ್ಲ ಅಂತ.

ಐದನೆಯದು: ಸುರಕ್ಷತಾ ಯೋಜನೆ ಬರೆಸುವುದನ್ನು ಕಲಿಯಿರಿ

'ಹೌದು' ಅಂದರೆ ಮುಂದೇನು? ಇಲ್ಲಿ ಕಲಿಯಬೇಕಾದದ್ದು ಅಮೆರಿಕದ ಮನಃಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ. ಒಂದೇ ಹಾಳೆ, ಆರು ಭಾಗ. ಕೆಟ್ಟ ಗಳಿಗೆ ಬರುತ್ತಿದೆ ಅಂತ ತನಗೇ ಗೊತ್ತಾಗುವ ಗುರುತುಗಳು. ಒಬ್ಬರೇ ಇದ್ದಾಗ ಮನಸ್ಸು ತಿರುಗಿಸಲು ಮಾಡಬಹುದಾದದ್ದು. ಮನಸ್ಸು ಬೇರೆ ಕಡೆ ಹೋಗುವಂಥ ಜನ, ಜಾಗ. ಬಾಯಿಬಿಟ್ಟು ಸಹಾಯ ಕೇಳಬಹುದಾದವರು. ವೃತ್ತಿಪರರು ಮತ್ತು ಸಹಾಯವಾಣಿ. ಕೊನೆಗೆ, ಅಪಾಯ ತರುವ ವಸ್ತುಗಳು ಸುಲಭವಾಗಿ ಕೈಗೆ ಸಿಗದ ಹಾಗೆ ಮಾಡುವುದು.

ನೋಡಲು ಫಾರ್ಮ್ ತುಂಬಿದ ಹಾಗೆ ಇದೆ, ಅಪಾಯ ಇರುವುದೂ ಅಲ್ಲೇ. 'ಸಂಗೀತ ಕೇಳುತ್ತೇನೆ' ಅಂತ ಬರೆದು ಮುಂದೆ ಹೋಗಬಾರದು. ಯಾವ ಹಾಡು? ಫೋನಿನಲ್ಲಿದೆಯಾ? ರಾತ್ರಿ ಎರಡು ಗಂಟೆಗೆ ಕೇಳಲು ಏನಾದರೂ ಅಡ್ಡಿ ಇದೆಯಾ? 'ಅಕ್ಕನಿಗೆ ಫೋನ್ ಮಾಡುತ್ತೇನೆ' ಅಂದರೆ, ಅಕ್ಕ ಎತ್ತದಿದ್ದರೆ? ಮಾತುಗಳೂ ಆ ವ್ಯಕ್ತಿಯವೇ ಆಗಿರಬೇಕು, ನಿಮ್ಮವಲ್ಲ. ಇದನ್ನು ರೋಲ್‌ಪ್ಲೇಯಲ್ಲಿ ಪೂರ್ತಿ ಒಂದು ಸಲವಾದರೂ ಬರೆಸಿರಬೇಕು, ಬರೆಸಿಕೊಂಡೂ ಇರಬೇಕು.

ಇದಕ್ಕೆ ಬೆಲೆ ಇದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಯೋಜನೆ ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಆರು ತಿಂಗಳಲ್ಲಿ ಅಂಥವರಲ್ಲಿ ಶೇ 3ರಷ್ಟು ಜನರಲ್ಲಿ ಆತ್ಮಹತ್ಯಾ ನಡವಳಿಕೆ ಕಂಡರೆ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಅದು ಶೇ 5 ದಾಟಿತ್ತು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಆಮೇಲೆ ಮಾಡಿದ ಆ ಫೋನನ್ನು ಮರೆಯಬೇಡಿ. ಯೋಜನೆ ಮತ್ತು ವಿಚಾರಣೆ ಎರಡನ್ನೂ ಒಟ್ಟಿಗೆ ಕಲಿಸುವ ಕೋರ್ಸ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಆರನೆಯದು: ಸರ್ಟಿಫಿಕೇಟ್ ಸಿಕ್ಕಿದ ಮಾರನೇ ದಿನದ ಏರ್ಪಾಡು

2004ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ಚಟದ ಚಿಕಿತ್ಸೆಯಲ್ಲಿದ್ದ 140 ವೃತ್ತಿಪರರಿಗೆ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಕಲಿಸಿ ಹೋಲಿಸಿ ನೋಡಿದರು. ಕಾರ್ಯಾಗಾರದ ಜೊತೆಗೆ ತಮ್ಮ ಕೆಲಸದ ಬಗ್ಗೆ ಅಭಿಪ್ರಾಯವೋ ಕೋಚಿಂಗೋ ಸಿಕ್ಕವರು ಹೆಚ್ಚು ಚೆನ್ನಾಗಿ ಕಲಿತಿದ್ದರು. ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. 'ನನಗೆ ಎಷ್ಟು ಬರುತ್ತದೆ' ಅಂತ ಅವರು ತಾವೇ ಕೊಟ್ಟುಕೊಂಡ ಅಂಕಕ್ಕೂ, ಅವರ ಮಾತುಕತೆಯ ರೆಕಾರ್ಡ್ ಕೇಳಿದವರು ಕಂಡ ಕೌಶಲಕ್ಕೂ ಸಂಬಂಧವೇ ಇರಲಿಲ್ಲ. ನಮ್ಮ ಕೆಲಸ ಹೇಗಿದೆ ಅಂತ ನಮಗೆ ಒಳಗಿಂದ ಗೊತ್ತಾಗುವುದಿಲ್ಲ. ಹೊರಗಿನ ಕಿವಿ ಬೇಕು.

ಆದ್ದರಿಂದ ಕೋರ್ಸಿಗೆ ಸೇರುವಾಗಲೇ ಸೂಪರ್‌ವಿಷನ್ (ಅನುಭವಸ್ಥರು ನಿಮ್ಮ ಕೆಲಸ ನೋಡಿ ತಿದ್ದುವುದು) ಯಾರು ಕೊಡುತ್ತಾರೆ ಅಂತ ಗೊತ್ತುಮಾಡಿಕೊಳ್ಳಿ. ಸಂಸ್ಥೆಯಲ್ಲಿ ಹಿರಿಯರಿದ್ದರೆ ತಿಂಗಳಿಗೆ ಇಂತಿಷ್ಟು ಹೊತ್ತು ಅಂತ ಬರವಣಿಗೆಯಲ್ಲಿ ಕೇಳಿ. ಇಲ್ಲದಿದ್ದರೆ ಅದೇ ಬ್ಯಾಚಿನ ಮೂರು ನಾಲ್ಕು ಜನ ಸೇರಿ, ಹೆಸರು ಗುರುತು ಬಿಟ್ಟು, ಕಷ್ಟವಾದ ಮಾತುಕತೆಗಳನ್ನು ಮತ್ತೆ ರೋಲ್‌ಪ್ಲೇ ಮಾಡಿ. ಅನುಭವಸ್ಥರೊಬ್ಬರನ್ನು ಆಗಾಗ ಕರೆಯಿರಿ. ನನ್ನ ಮಟ್ಟಿಗೆ, ಇದಕ್ಕೆ ಒಪ್ಪದ ಸಂಸ್ಥೆಯಲ್ಲಿ ಹೊಸಬರು ಬಿಕ್ಕಟ್ಟಿನ ಕೆಲಸಕ್ಕೆ ಸೇರಲೇಬಾರದು.

ಕೊನೆಯದು: ನಿಮ್ಮ ಮಿತಿ, ನಿಮ್ಮ ರಕ್ಷಣೆ

ಚಿಕ್ಕ ಕೋರ್ಸಿನ ಸರ್ಟಿಫಿಕೇಟ್ ನಿಮ್ಮನ್ನು ಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ಕೌನ್ಸೆಲಿಂಗ್‌ಗೆ ನೋಂದಣಿ, ಲೈಸೆನ್ಸ್ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ನಿಮ್ಮಲ್ಲಿ ಏನಿದೆ ಅಂತ ಮೊದಲೇ ಓದಿ. ಗುಟ್ಟು ಕಾಪಾಡುವುದಕ್ಕೂ ಎಲ್ಲೆ ಇದೆ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಯಾರಿಗೆ ತಿಳಿಸುತ್ತೀರಿ ಅನ್ನುವುದನ್ನು ಮಾತುಕತೆಯ ಶುರುವಿನಲ್ಲೇ ಹೇಳುವ ಅಭ್ಯಾಸ ಮಾಡಿಕೊಳ್ಳಿ.

ಕಳಿಸಬೇಕಾದ ಜಾಗಗಳ ಪಟ್ಟಿಯನ್ನು ನೀವೇ ಮಾಡಿ. ಹತ್ತಿರದ ತುರ್ತು ವಿಭಾಗ, ಮನೋವೈದ್ಯರು, ಚಟ ಬಿಡಿಸುವ ಕೇಂದ್ರ, ರಾತ್ರಿಯೂ ಎತ್ತುವ ಸಹಾಯವಾಣಿ. ಪ್ರತಿ ನಂಬರಿಗೂ ಒಮ್ಮೆ ನೀವೇ ಫೋನ್ ಮಾಡಿ ನೋಡಿ, ಆಗಾಗ ಮತ್ತೆ ಪರೀಕ್ಷಿಸಿ.

ಸಂಸ್ಥೆಗೆ ಸೇರುವ ಮುಂಚೆ ಇಷ್ಟು ಕೇಳಿಯೇ ಸೇರಿ: ಕಷ್ಟದ ಕರೆ ಆದ ಮೇಲೆ ಬಿಡುವು ಸಿಗುತ್ತದಾ? ಸತತ ಎಷ್ಟು ಗಂಟೆ ಕೂರಿಸುತ್ತೀರಿ? ನಾನು ಮಾತಾಡಿಸಿದವರು ತೀರಿಕೊಂಡರೆ ನನ್ನ ಜೊತೆ ಯಾರು ಕೂರುತ್ತಾರೆ? ಉತ್ತರವಾಗಿ ಒಬ್ಬ ವ್ಯಕ್ತಿಯ ಹೆಸರು ಬರಬೇಕು. 'ನಾವೆಲ್ಲ ಇದ್ದೀವಲ್ಲ' ಅಂದರೆ ಸಾಲದು.